ಶೀತ ಹಿಡಿದು ಮಲಗಿದಾಗ ಮೂಕಿ ಚಿತ್ರ ನೋಡುವ ಕ್ರಮ

ಕಳೆದ ವರ್ಷ ಆಟಿಯಲ್ಲಿ ನನಗೆ ಹಿಡಿದ ಶೀತ ಒಂಬತ್ತು ದಿನ ಬಿಡಲಿಲ್ಲ. ಮೂಗು ಕಟ್ಟಿತ್ತು, ಎಡಗಿವಿ ಮುಚ್ಚಿಹೋಗಿತ್ತು, ಉಡುಪಿ ಅಂಬಲಪಾಡಿಯ ನಮ್ಮ ಹಂಚಿನ ಮನೆಯ ಮಾಡಿನ ಮೇಲೆ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ಟಿವಿಯಲ್ಲಿ ಯಾವ ಸಿನಿಮಾ ಹಾಕಿದರೂ ಮಾತು ಕೇಳಿಸದು; ವಾಲ್ಯೂಮ್ ಏರಿಸಿದರೆ ತಲೆ ಸಿಡಿಯುತ್ತಿತ್ತು. ಮೂರನೇ ದಿನ ಬೇಸರ ತಾಳಲಾರದೆ ಅಮೆರಿಕದ ಹಾಸ್ಯನಟ ಬಸ್ಟರ್ ಕೀಟನ್‌ನ ಒಂದು ಸಣ್ಣ ಮೂಕಿ ಹಾಕಿದೆ. ಅದು ಮುಗಿಯುವವರೆಗೂ ಕಿವಿ ಮುಚ್ಚಿದೆ ಎಂಬುದು ನನಗೆ ನೆನಪೇ ಆಗಲಿಲ್ಲ. ಆ ಚಿತ್ರಕ್ಕೆ ನನ್ನ ಕಿವಿ ಬೇಕಾಗಿಯೇ ಇರಲಿಲ್ಲ.

ಮೂಗಿನ ಹಿಂಭಾಗದಿಂದ ಕಿವಿಯ ಒಳಕ್ಕೆ ಒಂದು ಸಣ್ಣ ಕೊಳವೆ ಇದೆ. ಶೀತದಲ್ಲಿ ಅದು ಊದಿಕೊಂಡು ಮುಚ್ಚಿಕೊಳ್ಳುತ್ತದೆ, ಎಲ್ಲರ ಮಾತೂ ದೂರದಿಂದ ಬಂದಂತೆ ಕೇಳುತ್ತದೆ. ಮಾತಿನ ಸಿನಿಮಾಕ್ಕೆ ಇದು ದೊಡ್ಡ ತೊಂದರೆ, ಮೂಕಿಗೆ ಏನೂ ಅಲ್ಲ. ಅಷ್ಟೇ ಅಲ್ಲ, ಮಂಕಾದ ತಲೆ ನಿಧಾನವಾಗಿ ನೋಡುತ್ತದೆ. ಹುಷಾರಾಗಿರುವಾಗ ನಾನು ಮೊಬೈಲ್ ಕೈಯಲ್ಲಿ ಹಿಡಿದು ಅರ್ಧ ಗಮನದಲ್ಲಿ ಸಿನಿಮಾ ನೋಡುವವಳು. ಶೀತದಲ್ಲಿ ಒಂದು ಮುಖವನ್ನು ಅದು ಪರದೆಯ ಮೇಲೆ ಇರುವಷ್ಟು ಹೊತ್ತೂ ನೋಡಿದೆ. ಮೂಕಿ ಚಿತ್ರ ಕೇಳುವುದು ಈ ನಿಧಾನವನ್ನೇ. ಯಕ್ಷಗಾನ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದು ಹೊಸತೂ ಅಲ್ಲ. ಬಯಲಿನ ಕೊನೆಯ ಸಾಲಿನಲ್ಲಿ ಕೂತು, ಅರ್ಥಗಾರಿಕೆ ಒಂದಕ್ಷರ ಕೇಳದಿದ್ದರೂ, ಬಣ್ಣದ ವೇಷದ ಹೆಜ್ಜೆ ನೋಡಿಯೇ ಸಿಟ್ಟು ಎಷ್ಟೆಂದು ಹೇಳಿದವರು ನಾವು.

ಆ ಒಂಬತ್ತು ದಿನಗಳಲ್ಲಿ ತಪ್ಪಿ ತಿದ್ದಿಕೊಂಡು ಕಲಿತ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು, ಇದು ಬರೀ ಶೀತವೇ?

ಸಾಮಾನ್ಯ ಶೀತ ವೈರಸ್‌ನಿಂದ ಬರುವಂಥದ್ದು, ವಾರ ಹತ್ತು ದಿನದಲ್ಲಿ ತಾನಾಗಿ ಹೋಗುತ್ತದೆ, ಆಂಟಿಬಯೋಟಿಕ್‌ನಿಂದ ಅದಕ್ಕೆ ಪ್ರಯೋಜನವಿಲ್ಲ. ಆದರೆ ಮಂಗಳೂರು, ಉಡುಪಿಯ ಮಳೆಗಾಲ ಎಂದರೆ ಮಲೇರಿಯಾ, ಡೆಂಗಿಯ ಕಾಲವೂ ಹೌದು. ಮೈ ನಡುಗಿ ಜ್ವರ ಬಂದರೆ, ಮೈಕೈ ಮುರಿದಂತೆ ನೋಯುತ್ತಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ ಸಿನಿಮಾ ಬಿಟ್ಟು ಡಾಕ್ಟರರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಕಿವಿ ಬರೀ ಮುಚ್ಚಿದ್ದಲ್ಲ, ತೀವ್ರವಾಗಿ ನೋಯುತ್ತಿದೆ ಎಂದಾದರೂ ತೋರಿಸಬೇಕು. ಮುಂದಿನದೆಲ್ಲ ಬರೀ ಮೂಗು, ಗಂಟಲು, ತಲೆಭಾರದವರಿಗೆ.

ಕೋಣೆಯನ್ನು ಸಿದ್ಧ ಮಾಡಿಕೊಳ್ಳಿ

ಪೂರ್ತಿ ಮಲಗಿ ನೋಡಬೇಡಿ. ಮೂಗು ಇನ್ನಷ್ಟು ಕಟ್ಟುತ್ತದೆ, ಕಫ ಗಂಟಲಿಗೆ ಇಳಿದು ಕೆಮ್ಮು ಬರುತ್ತದೆ. ಗೋಡೆಗೆ ಎರಡು ದಿಂಬು ಒರಗಿಸಿ, ಬೆನ್ನು ಓರೆಯಾಗಿರುವಂತೆ ಕೂತುಕೊಳ್ಳಿ. ಮೊಬೈಲಿನಲ್ಲಿ ನೋಡುವವರು ಅದನ್ನು ಕೈಯಲ್ಲಿ ಹಿಡಿಯದೆ, ನೀರು ತುಂಬಿದ ತಂಬಿಗೆಗೆ ಒರಗಿಸಿ ಸ್ಟೂಲಿನ ಮೇಲೆ ಇಡಿ. ದೀಪ ಪೂರ್ತಿ ಆರಿಸಬೇಡಿ, ಕತ್ತಲಲ್ಲಿ ಹೊಳೆಯುವ ಪರದೆ ತಲೆನೋವು ಹೆಚ್ಚಿಸುತ್ತದೆ. ಮಳೆಗಾಲದ ಮಂಕು ಹಗಲಿನ ಬೆಳಕು ಕಪ್ಪುಬಿಳುಪಿಗೆ ಬಹಳ ಚೆನ್ನಾಗಿ ಹೊಂದುತ್ತದೆ.

ಕಷಾಯ ಮೊದಲೇ ಮಾಡಿ ಫ್ಲಾಸ್ಕಿನಲ್ಲಿ ತುಂಬಿಸಿಡಿ. ನಮ್ಮ ಮನೆಯ ಪುಡಿಯ ಅಳತೆ ಹೀಗೆ: ನಾಲ್ಕು ಚಮಚ ಕೊತ್ತಂಬರಿ, ಎರಡು ಚಮಚ ಜೀರಿಗೆ, ಒಂದು ಚಮಚ ಒಳ್ಳೆಮೆಣಸು (ಕಾಳುಮೆಣಸು). ಬೆಚ್ಚಗೆ ಹುರಿದು ಪುಡಿ ಮಾಡಿದ್ದು. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಜಜ್ಜಿದ ಶುಂಠಿ, ಒಂದು ತುಂಡು ಬೆಲ್ಲ ಹಾಕಿ ಕುದಿಸಿ, ಬೇಕಾದವರು ಹಾಲು ಸೇರಿಸಿ. ಆವಿ ತೆಗೆದುಕೊಳ್ಳುವುದನ್ನು ಚಿತ್ರ ಹಾಕುವ ಮೊದಲೇ, ಅಡುಗೆಮನೆಯ ಮೇಜಿನ ಮೇಲೆ ಮುಗಿಸಿ. ಕುದಿಯುವ ನೀರಿನ ಪಾತ್ರೆ ಹಾಸಿಗೆಗೆ ಬರಲೇಬಾರದು, ಮಕ್ಕಳಿದ್ದ ಮನೆಯಲ್ಲಂತೂ ಖಂಡಿತ ಬೇಡ. ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು ಸಾಕು.

ಚಿತ್ರ ಹುಡುಕುವುದು

ಅಮೆರಿಕದಲ್ಲಿ 1929ಕ್ಕಿಂತ ಮೊದಲು ಬಿಡುಗಡೆಯಾದ ಚಿತ್ರಗಳ ಹಕ್ಕುಸ್ವಾಮ್ಯ ಅಲ್ಲಿ ಮುಗಿದಿದೆ. ಹಾಗಾಗಿ ಯೂಟ್ಯೂಬ್, ಇಂಟರ್ನೆಟ್ ಆರ್ಕೈವ್, ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಬಹಳಷ್ಟು ಮೂಕಿಗಳು ದುಡ್ಡಿಲ್ಲದೆ ಸಿಗುತ್ತವೆ. ತೊಂದರೆ ಏನೆಂದರೆ ಒಂದೇ ಚಿತ್ರದ ಹತ್ತು ಪ್ರತಿ ಇರುತ್ತದೆ, ಅದರಲ್ಲಿ ಎಂಟು ಮಸುಕು. ಮುಖ ಬರೀ ಬಿಳಿ ಚುಕ್ಕೆಯಂತೆ ಕಾಣುವ ಪ್ರತಿಯನ್ನು ಹಾಕಿ, ‘ಮೂಕಿ ಚಿತ್ರವೇ ಬೇಸರ’ ಎಂದು ಬಿಟ್ಟವರು ನನ್ನ ಪರಿಚಯದಲ್ಲೇ ಇದ್ದಾರೆ. ಆ ಚಿತ್ರ ಮಾಡಿದವರಿಗೆ ಅದರಿಂದ ಆಗುವ ಅನ್ಯಾಯ ದೊಡ್ಡದು. ನೂರು ವರ್ಷದ ಹಿಂದೆ ಥಿಯೇಟರಿನಲ್ಲಿ ಆ ಚಿತ್ರಗಳು ಸ್ಪಷ್ಟವಾಗಿ, ಹೊಳೆಯುತ್ತಾ ಕಾಣುತ್ತಿದ್ದವು.

ಆದ್ದರಿಂದ ನಡುವಿನ ಯಾವುದಾದರೂ ಒಂದು ನಿಮಿಷವನ್ನು ಮೊದಲು ನೋಡಿ. ಕಣ್ಣಿನ ಗುಡ್ಡೆ ಎತ್ತ ತಿರುಗಿದೆ ಎಂದು ಕಾಣುತ್ತದೆಯೇ? ಕಂಡರೆ ಆ ಪ್ರತಿ ಒಳ್ಳೆಯದು. ಮಳೆಗೆ ಕರೆಂಟು, ನೆಟ್ಟು ಎರಡೂ ಕೈಕೊಡುವ ಕಾಲವಾದ್ದರಿಂದ, ಡೌನ್‌ಲೋಡ್‌ಗೆ ಅವಕಾಶವಿರುವ ಕಡೆಯಿಂದ ನಾಲ್ಕೈದು ಚಿತ್ರ ಇಳಿಸಿಟ್ಟುಕೊಳ್ಳಿ.

ಪರದೆ, ವೇಗ

ಈ ಭಾಗ ಸ್ವಲ್ಪ ತಾಂತ್ರಿಕ, ಆದರೆ ದಯವಿಟ್ಟು ಬಿಡಬೇಡಿ. ಮೂಕಿ ಚಿತ್ರ ಚೆನ್ನಾಗಿ ಕಾಣುವುದೂ ಕೆಟ್ಟು ಕಾಣುವುದೂ ಇದರ ಮೇಲೇ ನಿಂತಿದೆ.

ಆ ಕಾಲದ ಚೌಕಟ್ಟು ಹೆಚ್ಚುಕಡಿಮೆ ಚೌಕ: ನಾಲ್ಕು ಪಾಲು ಅಗಲ, ಮೂರು ಪಾಲು ಎತ್ತರ. ಈಗಿನ ಟಿವಿಯಲ್ಲಿ ಎರಡೂ ಬದಿಗೆ ಕಪ್ಪು ಪಟ್ಟಿ ಬಂದರೆ ಅದು ಸರಿಯಾಗಿಯೇ ಇದೆ. ಪರದೆ ತುಂಬಲಿ ಎಂದು ಎಳೆದರೆ ಎಲ್ಲರೂ ಕುಳ್ಳರಾಗಿ ಕಾಣುತ್ತಾರೆ, ಝೂಮ್ ಮಾಡಿದರೆ ತಲೆಯೋ ಕಾಲೋ ಕತ್ತರಿಸಿಹೋಗುತ್ತದೆ. ಕೀಟನ್‌ನ ಕಾಲು ಕಾಣದಿದ್ದರೆ ಕೀಟನ್‌ನನ್ನು ನೋಡಿಯೂ ಪ್ರಯೋಜನವಿಲ್ಲ. ಟಿವಿಯ ಪಿಕ್ಚರ್ ಮೋಡ್ ‘ವಿವಿಡ್’ ಇದ್ದರೆ ‘ಸಿನಿಮಾ’ಕ್ಕೆ ಬದಲಿಸಿ, ಚಲನೆಯನ್ನು ನಯಗೊಳಿಸುವ ಆಯ್ಕೆ ಇದ್ದರೆ ಆರಿಸಿ. ಕೆಲವು ಚಿತ್ರಗಳಲ್ಲಿ ರಾತ್ರಿಯ ದೃಶ್ಯ ನೀಲಿಯಾಗಿ, ದೀಪದ ಬೆಳಕಿನ ಕೋಣೆ ಜೇನಿನ ಬಣ್ಣದಲ್ಲಿ, ಬೆಂಕಿ ಕೆಂಪಾಗಿ ಬರುತ್ತದೆ. ಟಿವಿ ಕೆಟ್ಟಿತೆಂದು ಸೆಟ್ಟಿಂಗ್ ಬದಲಿಸಬೇಡಿ, ಆಗಿನವರು ಫಿಲ್ಮನ್ನೇ ಬಣ್ಣದಲ್ಲಿ ಅದ್ದಿ ತೆಗೆಯುತ್ತಿದ್ದರು.

ಇನ್ನು ವೇಗ. ಮೂಕಿ ಎಂದರೆ ಜನ ಟಕಟಕ ಓಡಾಡುವುದು ಎಂದು ನಮ್ಮಲ್ಲಿ ಅನೇಕರ ನಂಬಿಕೆ. ಆಗಿನ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ 16, 18, 20 ಹೀಗೆ ಬೇರೆಬೇರೆ ಸಂಖ್ಯೆಯ ಚೌಕಟ್ಟು ದಾಖಲಾಗುತ್ತಿತ್ತು. ಮಾತಿನ ಚಿತ್ರ ಬಂದ ಮೇಲೆ ಅದು 24ಕ್ಕೆ ನಿಂತಿತು. 18ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಎಲ್ಲರೂ ಅವಸರದಲ್ಲಿರುತ್ತಾರೆ. ಒಳ್ಳೆಯ ಪ್ರತಿಗಳಲ್ಲಿ ಇದನ್ನು ಸರಿಪಡಿಸಿರುತ್ತಾರೆ. ಸರಿಪಡಿಸದ ಪ್ರತಿ ಸಿಕ್ಕಿದರೆ ಯೂಟ್ಯೂಬಿನಲ್ಲಿ ಪ್ಲೇಬ್ಯಾಕ್ ವೇಗವನ್ನು 0.75ಕ್ಕೆ ಇಳಿಸಿ. 24ರ ಮುಕ್ಕಾಲು ಪಾಲು 18, ಲೆಕ್ಕ ಸರಿಹೋಯಿತು. ಶೀತದ ತಲೆಗೆ ಈ ಒಂದು ಬದಲಾವಣೆಯಿಂದ ಆಗುವ ಉಪಕಾರ ಬಹಳ. ಹಾಸ್ಯ ಚಿತ್ರಗಳ ಓಟದ ದೃಶ್ಯಗಳನ್ನು ಮಾತ್ರ ಇಳಿಸಬೇಡಿ. ಅವುಗಳಲ್ಲಿ ಎಷ್ಟೋ ಕಡೆ ಬೇಕೆಂದೇ ವೇಗ ಬರುವಂತೆ ತೆಗೆದಿದ್ದಾರೆ.

ಸದ್ದು ಬೇಕೇ

ಮೂಕಿಗಳ ಕಾಲದಲ್ಲಿ ಥಿಯೇಟರ್ ಮೌನವಾಗಿರಲಿಲ್ಲ. ಹೊರದೇಶಗಳಲ್ಲಿ ಪಿಯಾನೊ ಅಥವಾ ವಾದ್ಯಮೇಳ, ನಮ್ಮಲ್ಲಿ ಹಾರ್ಮೋನಿಯಂ, ತಬಲ ಪರದೆಯ ಪಕ್ಕದಲ್ಲೇ ನಡೆಯುತ್ತಿತ್ತು. ಈಗ ಸಿಗುವ ಅನೇಕ ಪ್ರತಿಗಳಲ್ಲಿ ಮಾತ್ರ ಚಿತ್ರಕ್ಕೆ ಸಂಬಂಧವೇ ಇಲ್ಲದ ಒಂದೇ ಪಿಯಾನೊ ತುಣುಕನ್ನು ಮತ್ತೆ ಮತ್ತೆ ಅಂಟಿಸಿರುತ್ತಾರೆ. ತಲೆ ಭಾರ ಇರುವಾಗ ಅದು ಹಿಂಸೆ. ನಾನು ಮೊದಲ ನಾಲ್ಕು ದಿನ ಪೂರ್ತಿ ಮ್ಯೂಟ್ ಮಾಡಿ, ಮಾಡಿನ ಮಳೆಯ ಸದ್ದಿಗೇ ನೋಡಿದೆ. ನಿಮಗೂ ಮೊದಲು ಹೀಗೇ ನೋಡಲು ಹೇಳುತ್ತೇನೆ.

ಯಾವ ದಿನ ಯಾವುದು

ಮೊದಲ ದಿನ ಸೀನು, ಗಂಟಲು ಕೆರೆತ, ಕಣ್ಣಲ್ಲಿ ನೀರು. ಹದಿನೈದು ನಿಮಿಷ ದಾಟಿದ್ದು ಯಾವುದೂ ಬೇಡ. ಫ್ರಾನ್ಸಿನ ಜಾರ್ಜ್ ಮೆಲಿಯೆಸ್ 1902ರಲ್ಲಿ ಮಾಡಿದ ಚಂದ್ರಯಾನದ ಚಿತ್ರ, ‘ಎ ಟ್ರಿಪ್ ಟು ದ ಮೂನ್’, ಸರಿಯಾಗಿ ಇಷ್ಟೇ ಇದೆ. ಚಂದ್ರನ ಮುಖದ ಕಣ್ಣಿಗೆ ಗುಂಡು ಬಂದು ನಾಟುವ ಚಿತ್ರ ಎಲ್ಲರೂ ಎಲ್ಲೋ ನೋಡಿರುತ್ತೀರಿ. ಕೈಯಿಂದ ಬಣ್ಣ ಹಚ್ಚಿದ ಅದರ ಒಂದು ಪ್ರತಿ 1993ರಲ್ಲಿ ಬಾರ್ಸಿಲೋನಾದಲ್ಲಿ ಸಿಕ್ಕಿ, 2011ರಲ್ಲಿ ದುರಸ್ತಿಯಾಗಿ ಬಂತು. ಅದನ್ನೇ ಹುಡುಕಿ ನೋಡಿ.

ಮೂಗು ಕಟ್ಟಿದೆ, ಕೆಮ್ಮಿಲ್ಲ ಎಂಬ ದಿನ ಹಾಸ್ಯದ ದಿನ. ನಾನು ಮೊದಲು ಹಾಕಿದ ಕೀಟನ್ ಚಿತ್ರ ‘ಒನ್ ವೀಕ್’, 1920ರದ್ದು. ಹೊಸದಾಗಿ ಮದುವೆಯಾದ ಜೋಡಿಗೆ ಪೆಟ್ಟಿಗೆಗಳಲ್ಲಿ ತುಂಬಿದ ಮನೆ ಉಡುಗೊರೆಯಾಗಿ ಬರುತ್ತದೆ, ನಂಬರ್ ನೋಡಿ ಜೋಡಿಸಿಕೊಳ್ಳಬೇಕು. ಆಗದವನೊಬ್ಬ ಪೆಟ್ಟಿಗೆಗಳ ನಂಬರ್ ತಿದ್ದಿಬಿಡುತ್ತಾನೆ. ಎದ್ದು ನಿಂತ ಮನೆ ಸೊಟ್ಟ, ಬಿರುಗಾಳಿ ಬಂದಾಗ ಇಡೀ ಮನೆ ಬುಗುರಿಯ ಹಾಗೆ ಸುತ್ತುತ್ತದೆ. ನಾನು ನೋಡುವಾಗ ಹೊರಗೆ ಗಾಳಿಗೆ ತೆಂಗಿನ ಮಡಲು ಅಂಗಳಕ್ಕೆ ಬೀಳುತ್ತಿತ್ತು.

ಇದರ ನಂತರ ‘ಶರ್ಲಾಕ್ ಜೂನಿಯರ್’, 1924, ಮುಕ್ಕಾಲು ಗಂಟೆ. ಶೀತದ ಅರೆನಿದ್ದೆಗೆ ಇದಕ್ಕಿಂತ ಹೊಂದುವ ಚಿತ್ರ ನನಗೆ ಗೊತ್ತಿಲ್ಲ. ಥಿಯೇಟರಿನಲ್ಲಿ ಪ್ರೊಜೆಕ್ಟರ್ ಓಡಿಸುವ ಹುಡುಗ ನಿದ್ದೆ ಹೋಗಿ, ಕನಸಿನಲ್ಲಿ ಎದ್ದು, ಪರದೆಯ ಒಳಗೇ ನಡೆದುಬಿಡುತ್ತಾನೆ. ಅವನು ಇದ್ದಲ್ಲೇ ಇರುತ್ತಾನೆ, ಅವನ ಸುತ್ತಲಿನ ಜಾಗ ಮಾತ್ರ ಬದಲಾಗುತ್ತಾ ಹೋಗುತ್ತದೆ. ರೈಲಿನ ನೀರಿನ ಟ್ಯಾಂಕಿನ ದೃಶ್ಯದಲ್ಲಿ ನೀರಿನ ಹೊಡೆತಕ್ಕೆ ಕೀಟನ್‌ನ ಕುತ್ತಿಗೆಯ ಮೂಳೆ ಬಿರುಕು ಬಿಟ್ಟಿತ್ತು. ಅದು ಅವನಿಗೆ ಗೊತ್ತಾದದ್ದು ವರ್ಷಗಳ ಮೇಲೆ, ಡಾಕ್ಟರೊಬ್ಬರು ಎಕ್ಸ್‌ರೇ ನೋಡಿ ಹೇಳಿದಾಗ. ಆ ದೃಶ್ಯವನ್ನು ನಾನು ಎರಡನೇ ಸಲ ನೋಡಿದ್ದು ಬೇರೆಯೇ ಮನಸ್ಸಿನಿಂದ.

ಕೆಮ್ಮು ಶುರುವಾದರೆ ಹಾಸ್ಯ ನಿಲ್ಲಿಸಿ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ನಾಲ್ಕನೇ ದಿನ ಹೆರಾಲ್ಡ್ ಲಾಯ್ಡ್ ಗಡಿಯಾರದ ಮುಳ್ಳು ಹಿಡಿದು ನೇತಾಡುವ ಚಿತ್ರ ನೋಡಿ ನಕ್ಕು, ನಗು ಕೆಮ್ಮಾಗಿ, ಕೆಮ್ಮು ಪಕ್ಕೆನೋವಾಗಿ, ರಾತ್ರಿ ಪೂರ್ತಿ ಎದ್ದು ಕೂತೆ. ಕೆಮ್ಮಿನ ದಿನಗಳಿಗೆ ಲೊಟ್ಟೆ ರೈನಿಗರ್ ಎಂಬ ಜರ್ಮನ್ ಹೆಣ್ಣುಮಗಳು 1926ರಲ್ಲಿ ಮುಗಿಸಿದ ‘ದ ಅಡ್ವೆಂಚರ್ಸ್ ಆಫ್ ಪ್ರಿನ್ಸ್ ಅಹ್ಮದ್’ ಸರಿ. ಕಪ್ಪು ಕಾಗದವನ್ನು ಕತ್ತರಿಯಿಂದ ಕತ್ತರಿಸಿ, ಕೀಲು ಜೋಡಿಸಿ, ಒಂದೊಂದೇ ಚೌಕಟ್ಟಿಗೆ ಕೂದಲೆಳೆಯಷ್ಟು ಸರಿಸಿ ತೆಗೆದದ್ದು. ಈಗ ಉಳಿದಿರುವ ಪೂರ್ಣ ಪ್ರಮಾಣದ ಅನಿಮೇಶನ್ ಚಿತ್ರಗಳಲ್ಲಿ ಇದೇ ಅತ್ಯಂತ ಹಳೆಯದು. ಉಪ್ಪಿನಕುದ್ರಿನ ಗೊಂಬೆಯಾಟ ನೋಡಿದವರಿಗೆ ಗೊಂಬೆಯ ಒಂದು ಬೆರಳು ಬಾಗಿದರೂ ಅದರ ಹಿಂದಿನ ಕೆಲಸ ಎಷ್ಟೆಂದು ಅರ್ಥವಾಗುತ್ತದೆ.

ಜ್ವರವೂ ಇದ್ದರೆ ‘ನೊಸ್ಫೆರಾಟು’ ಬೇಡ. ಇಲಿ, ಪ್ಲೇಗು, ಉದ್ದ ಉಗುರಿನ ನೆರಳು. ಗುಣವಾದ ಮೇಲೆ ಧಾರಾಳ ನೋಡಬಹುದು. ಶೀತದ ಮಾತ್ರೆ ತೆಗೆದುಕೊಂಡು ನಿದ್ದೆ ಎಳೆಯುತ್ತಿದ್ದರೆ ಹೊಸ ಚಿತ್ರ ಆರಂಭಿಸಬೇಡಿ, ನೋಡಿದ್ದನ್ನೇ ಮತ್ತೊಮ್ಮೆ ಹಾಕಿ ಹಾಗೇ ನಿದ್ದೆ ಹೋಗಿ.

ಶೀತ ಇಳಿಯತೊಡಗಿದಾಗ ಒಂದೂವರೆ ಗಂಟೆಯ ಚಿತ್ರಕ್ಕೆ ಕೈ ಹಾಕಬಹುದು. ನನ್ನ ಆಯ್ಕೆ ಜರ್ಮನ್ ನಿರ್ದೇಶಕ ಮುರ್ನಾವ್ 1924ರಲ್ಲಿ ಮಾಡಿದ ‘ದ ಲಾಸ್ಟ್ ಲಾಫ್’. ದೊಡ್ಡ ಹೋಟೆಲಿನ ಬಾಗಿಲಲ್ಲಿ ನಿಲ್ಲುವ ವಯಸ್ಸಾದ ಡೋರ್‌ಮ್ಯಾನ್, ಜರಿ ಹಚ್ಚಿದ ಉದ್ದ ಕೋಟು. ವಯಸ್ಸಾಯಿತೆಂದು ಅವನ ಕೋಟು ಬಿಚ್ಚಿಸಿ ಶೌಚಾಲಯದ ಕೆಲಸಕ್ಕೆ ಹಾಕುತ್ತಾರೆ. ನೆರೆಯವರಿಗೆ ತಿಳಿಯಬಾರದೆಂದು ಅವನು ಆ ಕೋಟನ್ನೇ ಕದ್ದು ತೊಟ್ಟು ಮನೆಗೆ ಹೋಗುತ್ತಾನೆ. ಮೂಕಿಗಳಲ್ಲಿ ಮಾತಿಗೆ ಬದಲಾಗಿ ಬರುವ ಬರಹದ ಫಲಕಗಳು ಇದರಲ್ಲಿ ಇಲ್ಲವೇ ಇಲ್ಲ ಎನ್ನಬಹುದು, ಹಾಗಾಗಿ ಇಂಗ್ಲಿಷ್ ಓದದ ಹಿರಿಯರೂ ಪಕ್ಕದಲ್ಲಿ ಕೂತು ನೋಡಬಹುದು. ಕೋಟು ಇರುವಾಗಿನ ಬೆನ್ನು, ಕೋಟು ಹೋದ ಮೇಲಿನ ಬೆನ್ನು, ಇವೆರಡನ್ನು ನೋಡಿ. ಊರೂರಿಗೆ ಹೋಟೆಲ್ ಕೆಲಸಕ್ಕೆ ಹೋದವರಿರುವ ಉಡುಪಿಯಲ್ಲಿ ಆ ಬೆನ್ನಿಗೆ ವಿವರಣೆ ಬೇಕಾಗುವುದಿಲ್ಲ.

ನಮ್ಮವನ್ನೂ ನೋಡಿ

ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ (1913) ಹೆಸರು ಎಲ್ಲರಿಗೂ ಗೊತ್ತು. ಶೀತದ ಹಾಸಿಗೆಗೆ ನಾನು ಹೇಳುವುದು 1919ರ ‘ಕಾಲಿಯಾ ಮರ್ದನ್’. ಕೃಷ್ಣನ ಪಾತ್ರದಲ್ಲಿ ಫಾಲ್ಕೆಯವರ ಪುಟ್ಟ ಮಗಳು ಮಂದಾಕಿನಿ. ಆರಂಭದಲ್ಲಿ ಆ ಹುಡುಗಿ ಸುಮ್ಮನೆ ಕ್ಯಾಮೆರಾದ ಮುಂದೆ ಕೂತು ಒಂದೊಂದೇ ಭಾವ ಮುಖದಲ್ಲಿ ತೋರಿಸುತ್ತಾಳೆ, ಆಮೇಲೆ ಕೃಷ್ಣನಾಗುತ್ತಾಳೆ. ವಿಟ್ಲಪಿಂಡಿಯ ಮುದ್ದುಕೃಷ್ಣರನ್ನು ನೋಡುವ ಊರಿನಲ್ಲಿ ಆ ಮುಖ ಪರಿಚಯದ್ದೇ ಅನ್ನಿಸುತ್ತದೆ. ಉಳಿದಿರುವುದು ಮುಕ್ಕಾಲು ಗಂಟೆಗೆ ತುಸು ಹೆಚ್ಚು.

ಭಾರತದಲ್ಲಿ ತಯಾರಾದ ಸುಮಾರು 1,300 ಮೂಕಿಗಳಲ್ಲಿ ಉಳಿದವು ಬಹಳ ಕಡಿಮೆ. ಆಗ ಬಳಸುತ್ತಿದ್ದ ನೈಟ್ರೇಟ್ ಫಿಲ್ಮ್ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು, ಸೆಖೆ, ತೇವಕ್ಕೆ ಕರಗಿ ಪುಡಿಯಾಗುವಂಥದ್ದು. ಆಟಿಯಲ್ಲಿ ಕಪಾಟಿನ ಪುಸ್ತಕಕ್ಕೆ ಬೂಷ್ಟು ಹಿಡಿಯುವುದನ್ನು ಕಂಡ ನಮಗೆ ಅದು ಊಹಿಸಲು ಕಷ್ಟವಲ್ಲ. ಫಾಲ್ಕೆಯವರ ಚಿತ್ರಗಳ ಚೂರುಗಳನ್ನು ಹುಡುಕಿ ಉಳಿಸಿದವರು ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಕಟ್ಟಿದ ಪಿ. ಕೆ. ನಾಯರ್. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1931ರ ಮೂಕಿ ‘ಮೃಚ್ಛಕಟಿಕ’ದಲ್ಲಿ ನಟಿಸಿದ್ದರು. ಕೋಟದ ಶಿವರಾಮ ಕಾರಂತರೂ ಅದೇ ಕಾಲಕ್ಕೆ ಮೂಕಿ ಚಿತ್ರ ತೆಗೆಯಲು ಕೈ ಹಾಕಿದ್ದರು. ಇವರಿಬ್ಬರೂ ನಮ್ಮ ಕರಾವಳಿಯವರು ಎಂದು ನೆನೆದಾಗ ಮೂಕಿ ಎಂಬುದು ನನಗೆ ಪರದೇಶದ ವಸ್ತುವಾಗಿ ಉಳಿಯುವುದಿಲ್ಲ.

ನೋಡುವಾಗ ಕಣ್ಣು ಎಲ್ಲಿರಬೇಕು

ಕಥೆ ಬೆನ್ನು ಹತ್ತಬೇಡಿ. ಬರಹದ ಫಲಕ ಬಂದಾಗ ಓದಿ, ಹೋದಾಗ ಮರೆತುಬಿಡಿ. ಕೈ ನೋಡಿ. ಕೈಗಳು ಮುಖಕ್ಕಿಂತ ಮೊದಲು ಮಾತಾಡುತ್ತವೆ. ಏನೂ ಅರ್ಥವಾಗದೆ ಹೋದರೆ ಹತ್ತು ಸೆಕೆಂಡು ಹಿಂದೆ ಹೋಗಿ, ಅಷ್ಟೇ.

ಆರನೇ ದಿನ ನಾನು ಚಾಪ್ಲಿನ್‌ನ ‘ದ ಗೋಲ್ಡ್ ರಶ್’ ನೋಡುತ್ತಿದ್ದೆ. (ಇದರಲ್ಲಿ ಎರಡು ರೂಪ ಇವೆ: 1925ರ ಮೂಲ ಮೂಕಿ, ಮತ್ತು 1942ರಲ್ಲಿ ಚಾಪ್ಲಿನ್ ತಾನೇ ನಿರೂಪಣೆಯ ಮಾತು ಸೇರಿಸಿದ್ದು. ಕಿವಿ ಮುಚ್ಚಿದವರಿಗೆ 1925ರದ್ದೇ ಸರಿ.) ಅಮ್ಮ ಬಾಗಿಲ ಹತ್ತಿರ ಕೂತು ಬಸಳೆ ಬಿಡಿಸುತ್ತಿದ್ದರು, ಟಿವಿಯ ಕಡೆ ಗಮನ ಇರಲಿಲ್ಲ. ಹಿಮದಲ್ಲಿ ಸಿಕ್ಕಿಬಿದ್ದ ಚಾಪ್ಲಿನ್ ತಿನ್ನಲು ಏನೂ ಇಲ್ಲದೆ ತನ್ನ ಬೂಟನ್ನೇ ಬೇಯಿಸಿ ತಟ್ಟೆಗೆ ಹಾಕಿಕೊಳ್ಳುವ ದೃಶ್ಯ ಬಂತು. ಅವನು ಒಂದೊಂದೇ ಮೊಳೆಯನ್ನು ಎರಡು ಬೆರಳಲ್ಲಿ ಎತ್ತಿ, ಚೀಪಿ, ತಟ್ಟೆಯ ಬದಿಗೆ ಇಡುತ್ತಾನೆ. ಅಮ್ಮನ ಕೈ ನಿಂತಿತು.

“ಎಂತ ಮಾರಾಯ್ತಿ, ಬೂತಾಯಿ ಮೀನಿನ ಮುಳ್ಳು ಚೀಪಿದ ಹಾಗೆ ಚೀಪ್ತಾನಲ್ಲ!” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಎಷ್ಟು ಹಸಿವಾಗಿರ್ಬೇಕು, ಪಾಪ” ಎಂದರು.

ಆ ಬೂಟು ಜ್ಯೇಷ್ಠಮಧುವಿನ ಮಿಠಾಯಿಯಿಂದ ಮಾಡಿದ್ದು ಎಂದು ನನಗೆ ಗೊತ್ತಿತ್ತು, ಹೇಳಲಿಲ್ಲ. ಅಮ್ಮ ಬಸಳೆಯ ಬುಟ್ಟಿಯನ್ನು ಹಾಸಿಗೆಯ ಪಕ್ಕಕ್ಕೆ ಎಳೆದುಕೊಂಡು, ಚಿತ್ರ ಮುಗಿಯುವವರೆಗೂ ಅಲ್ಲೇ ಕೂತರು. ಮನೆಯಲ್ಲಿ ಯಾರಾದರೂ ಹೀಗೆ ಹತ್ತಿರ ಬಂದರೆ ವಿವರಿಸಲು ಹೋಗಬೇಡಿ. ಫಲಕ ಬಂದಾಗ ಮಾತ್ರ ಅದರ ಮಾತನ್ನು ನಿಮ್ಮ ಮನೆಮಾತಿನಲ್ಲಿ ಹೇಳಿ. ಮತ್ತೆ, ನಿಮ್ಮ ಶೀತ ಅವರಿಗೆ ಅಂಟದ ಹಾಗೆ ಸ್ವಲ್ಪ ದೂರ ಕೂರಿಸಿ, ಸೀನುವಾಗ ಬಟ್ಟೆ ಅಡ್ಡ ಹಿಡಿಯಿರಿ.

ಕಿವಿ ಬಿಟ್ಟ ದಿನ

ಒಂದು ದಿನ ಆಕಳಿಸುವಾಗ ‘ಟಪ್’ ಎಂದು ಕಿವಿ ತೆರೆದುಕೊಳ್ಳುತ್ತದೆ. ನನಗದು ಒಂಬತ್ತನೇ ದಿನ ಬೆಳಿಗ್ಗೆ ಚಾ ಕುಡಿಯುವಾಗ. ಆ ದಿನಕ್ಕೆಂದೇ ಒಂದು ಚಿತ್ರವನ್ನು ತೆಗೆದಿಡಿ: ಚಾಪ್ಲಿನ್‌ನ ‘ಸಿಟಿ ಲೈಟ್ಸ್’, 1931. ಮಾತಿನ ಚಿತ್ರಗಳು ಬಂದು ವರ್ಷಗಳಾಗಿದ್ದರೂ ಅವನು ಇದನ್ನು ಮೂಕಿಯಾಗಿಯೇ ಮಾಡಿದ, ಸಂಗೀತವನ್ನು ಮಾತ್ರ ತಾನೇ ರಚಿಸಿ ಫಿಲ್ಮಿನಲ್ಲೇ ಸೇರಿಸಿದ. ಮ್ಯೂಟ್ ತೆಗೆಯಿರಿ. ವಾಲ್ಯೂಮ್ ಅರ್ಧಕ್ಕಿಂತ ಕೆಳಗೆ ಸಾಕು, ಕಿವಿ ಆಗಷ್ಟೇ ತೆರೆದಿರುತ್ತದೆ. ಮೊದಲು ಕಣ್ಣು ಕಾಣದಿದ್ದ ಹೂ ಮಾರುವ ಹುಡುಗಿ ಕೊನೆಯಲ್ಲಿ ಅವನನ್ನು ಗುರುತಿಸುವುದು ಅಂಗೈ ಮುಟ್ಟಿ. ಅಲ್ಲಿಗೆ ಬರುವಾಗ ಮನೆಯವರನ್ನು ಕರೆಯಿರಿ. ಅಮ್ಮನನ್ನು ನಾನು ಅಡುಗೆಮನೆಯಿಂದ ಕರೆದೆ. ಅವರು ಕೈ ಒರೆಸಿಕೊಳ್ಳುತ್ತಾ ಬಂದು ನಿಂತೇ ನೋಡಿದರು.